ಹೊಸ್ತಿಲಲ್ಲಿ ನಿಂತ ನಾಲ್ಕು ಸಾಲು

ಮೊದಲು ವಾಗ್ದೇವಿಗೆ ಕೈಮುಗಿಯುತ್ತೇನೆ. ಆಮೇಲೆ ನಮ್ಮ ಮನೆದೇವರಾದ ಚೌಡೇಶ್ವರಿಗೆ, ಆಕೆಯ ಮುಂದೆ ದಿನವೂ ದೀಪ ಹಚ್ಚುತ್ತಿದ್ದ ನನ್ನ ತಾಯಿಗೆ, ಆ ದೀಪದ ಪಕ್ಕದಲ್ಲಿ ಕುಳಿತು ಹಳೆಯ ಕಾವ್ಯಗಳನ್ನು ರಾಗವಾಗಿ ಓದುತ್ತಿದ್ದ ನನ್ನ ತಾತನವರಿಗೆ ನಮಸ್ಕಾರ. ಹಿತ್ತಿಲ ಕೊಟ್ಟಿಗೆಯಲ್ಲಿ ಹಗಲೆಲ್ಲ ಬಡಿದುಕೊಳ್ಳುತ್ತಿದ್ದ ಮಗ್ಗಗಳಿಗೂ ನಮಸ್ಕಾರ. ಛಂದಸ್ಸು ಎಂಬ ಮಾತನ್ನು ಕೇಳುವ ಮೊದಲೇ ಅವು ನನ್ನ ಕಿವಿಗೆ ಲಯವನ್ನು ಕಲಿಸಿದವು. ಹೇಳದೆ ಕೇಳದೆ ಹೋಗಿಬಿಡುತ್ತಿದ್ದ ಕರೆಂಟಿಗೂ ಒಂದು ನಮಸ್ಕಾರ ಸಲ್ಲಬೇಕು. ಮಗ್ಗಗಳು ನಿಂತಾಗ ಹಬ್ಬುತ್ತಿದ್ದ ಮೌನದಲ್ಲಿ, ಹೇಳಿದ ಮಾತಿಗಿಂತ ಹೇಳದ ಮಾತು ದೊಡ್ಡದಾಗಿ ಕೇಳಿಸುತ್ತದೆ ಎಂಬುದನ್ನು ನಾನು ಕಲಿತೆ. ಇವರೆಲ್ಲರ ಋಣದಿಂದಲೇ ನನ್ನ ನೆನಪುಗಳ ಈ ಅಧ್ಯಾಯ.

ನಾನು ಕನ್ನಡ ಪಂಡಿತೆಯಾಗಿ ಶಾಲೆಗಳಲ್ಲಿ ಪಾಠ ಹೇಳಿದವಳು. ಉಪಮೆ, ರೂಪಕ, ಪ್ರಾಸ, ಧ್ವನಿ ಎಂದು ಕಪ್ಪುಹಲಗೆಯ ಮೇಲೆ ಬರೆದು ಲಕ್ಷಣ ಹೇಳಿ ಉದಾಹರಣೆ ಕೊಡುವಾಗಲೆಲ್ಲ, ನನ್ನ ಮನಸ್ಸು ಮಾತ್ರ ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಒಂದು ಹೊಸ್ತಿಲಿಗೆ ಹೋಗಿ ನಿಲ್ಲುತ್ತಿತ್ತು. ಸಣ್ಣ ಪದ್ಯವನ್ನು ನಾನು ಇಂದಿಗೂ ಒಮ್ಮೆಗೇ ನಂಬುವುದಿಲ್ಲ. ದೊಡ್ಡ ಕಾವ್ಯದಲ್ಲಿ ಕವಿಗೆ ಓಡಾಡಲು ಜಾಗವಿರುತ್ತದೆ. ಎಡವಿದರೂ ಮುಂದಿನ ಪದ್ಯದಲ್ಲಿ ಸರಿಮಾಡಿಕೊಳ್ಳಬಹುದು. ನಾಲ್ಕೇ ಸಾಲಿನಲ್ಲಿ ಬಂದು ನಿಂತವರ ವಿಷಯ ಹಾಗಲ್ಲ. ಏನನ್ನು ತಂದರು, ಏನನ್ನು ಹೊರಗೇ ಬಿಟ್ಟು ಬಂದರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು ಎಂದು ಎಲ್ಲವನ್ನೂ ವಿಚಾರಿಸಬೇಕಾಗುತ್ತದೆ. ಹೀಗೆ ಅನುಮಾನಿಸುವುದನ್ನು ನಾನು ಕಲಿತದ್ದು ಯಾವ ಅಲಂಕಾರಶಾಸ್ತ್ರದಿಂದಲೂ ಅಲ್ಲ. ನನ್ನ ಚಿಕ್ಕಮ್ಮ ನಮ್ಮ ಮನೆಗೆ ಸೊಸೆಯಾಗಿ ಬಂದ ದಿನದಿಂದ.

ನಮ್ಮದು ಉದ್ದನೆಯ ಮನೆ. ಬೀದಿಗೆ ಜಗಲಿ, ಆಮೇಲೆ ಹಜಾರ, ಎಡಕ್ಕೆ ದೇವರಮನೆ, ಅದರ ಒತ್ತಿಗೆ ಅಡಿಗೆಮನೆ, ಹಿಂದೆ ಅಂಗಳ, ಅಂಗಳದಾಚೆ ಮಗ್ಗದ ಕೊಟ್ಟಿಗೆ. ತಾತ ಕೈಮಗ್ಗದಲ್ಲಿ ಶುರುಮಾಡಿದ ಮನೆತನವನ್ನು ಅಪ್ಪ ಪವರ್‌ಲೂಮಿಗೆ ತಂದಿದ್ದರು. ಅಪ್ಪನ ತಮ್ಮ ನಂಜುಂಡಪ್ಪ, ನನ್ನ ಚಿಕ್ಕಪ್ಪ, ಸೀರೆಗಳನ್ನು ಹೊತ್ತು ಬೆಂಗಳೂರಿನ ಪೇಟೆಗೆ ಹೋಗಿ ಮಾರಿ ಬರುತ್ತಿದ್ದರು. ಒಂದೇ ಒಲೆ, ಒಂದೇ ಪಂಕ್ತಿ. ಅಜ್ಜಿ ಹೋದ ಮೇಲೆ ಮನೆಯ ಹೆಣ್ಣುಕೆಲಸವೆಲ್ಲ ನನ್ನ ತಾಯಿ ಗಿರಿಜಮ್ಮನ ಮೇಲೆ ಬಿದ್ದಿತ್ತು. ಅಮ್ಮ ಮಾತಿಗಿಂತ ಕೆಲಸದಲ್ಲಿ ಮುಂದು. ಮಾಡಿದ್ದನ್ನು ಯಾರೂ ಗಮನಿಸಲಿಲ್ಲ ಎಂಬ ನೋವಿನಲ್ಲಿ ಇನ್ನೂ ಮುಂದು. ಆ ನೋವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಾತ್ರೆ ಇಡುವ ಸದ್ದಿನಿಂದ ನಾವೇ ತಿಳಿದುಕೊಳ್ಳಬೇಕಾಗಿತ್ತು.

ನಮ್ಮ ಮನೆಯಲ್ಲಿ ಹೊಸ ಸೊಸೆಯನ್ನು ಒಳಗೆ ಕರೆದುಕೊಳ್ಳುವ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಮನೆಯ ಹಿರಿಯ ಹೆಂಗಸು ಬಾಗಿಲಿಗೆ ಅಡ್ಡ ನಿಲ್ಲುವಳು. ನಮ್ಮದೇ ಮಗ್ಗದಲ್ಲಿ ನೇಯ್ದ ಸೀರೆಯೊಂದನ್ನು ಮದುವಣಗಿತ್ತಿಯ ಹೆಗಲಿಗೆ ಹೊದಿಸುವಳು. ಆಗ ಮದುವಣಗಿತ್ತಿ ಗಂಡನ ಹೆಸರು ಬರುವಂತೆ ನಾಲ್ಕು ಸಾಲಿನ ಪದ್ಯವೊಂದನ್ನು ತಾನೇ ಕಟ್ಟಿ ಹೇಳಬೇಕು. ಗಂಡನ ಹೆಸರಿನ ಜೊತೆಗೆ ಬಾಗಿಲು ತಡೆದವಳ ಹೆಸರನ್ನೂ ಸೇರಿಸಿ ಹೊಗಳಿದರೆ ಮಾತ್ರ ದಾರಿ ಬಿಡುವುದು ವಾಡಿಕೆ. ಅಮ್ಮ ತಾನು ಬಂದ ದಿನ ತನ್ನ ಅತ್ತೆಯನ್ನು ಗಂಗೆ, ಗೌರಿ, ಕಾಮಧೇನು ಎಂದೆಲ್ಲ ಕರೆದು ಪದ್ಯ ಹೇಳಿದ್ದಳಂತೆ. ಅದನ್ನು ಬೀದಿಯವರು ಬಹಳ ಕಾಲ ನೆನಪಿಟ್ಟುಕೊಂಡಿದ್ದರು. ಈಗ ಅದೇ ಹೊಸ್ತಿಲಲ್ಲಿ ತನ್ನ ಹೆಸರನ್ನು ಒಂದು ಪದ್ಯದಲ್ಲಿ ಕೇಳುವ ಸರದಿ ಅಮ್ಮನದು. ಅದಕ್ಕಾಗಿ ಅವಳು ಎಷ್ಟು ಕಾದಿದ್ದಳು ಎಂಬುದು ಆ ದಿನ ಉಟ್ಟಿದ್ದ ಸೀರೆಯಿಂದಲೇ ಗೊತ್ತಾಗುತ್ತಿತ್ತು.

ಮದುವೆ ನಮ್ಮೂರಿಗೆ ಹತ್ತಿರದ ವಿಜಯಪುರದಲ್ಲಿ ನಡೆಯಿತು. ಅಲ್ಲಿಯವರು ರೇಷ್ಮೆ ನೂಲಿಗೆ ಹುರಿ ಹಾಕುವ ಕಸುಬಿನವರು. ಅಮ್ಮ ಮನೆಯನ್ನು ಸಿದ್ಧಮಾಡಲು ಮುಂಚೆಯೇ ಬಂದಿದ್ದಳು. ದಿಬ್ಬಣದ ವ್ಯಾನು ಎಣಿಸಿದ್ದಕ್ಕಿಂತ ಬೇಗನೆ ಬಂದುಬಿಟ್ಟಿತು. ಚಿಕ್ಕಮ್ಮ ಸರೋಜ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ನಿಂತಳು. ಅಮ್ಮ ಸೀರೆ ಹೊದಿಸಿ ಕೈ ಚಾಚಿ ಬಾಗಿಲು ತಡೆದಳು. ಬೀದಿಯ ಹೆಂಗಸರೆಲ್ಲ ಸುತ್ತ ನೆರೆದರು. ಕರೆಂಟು ಹೋಗಿತ್ತೋ, ಮದುವೆಗೆಂದು ಮಗ್ಗ ನಿಲ್ಲಿಸಿದ್ದರೋ ನೆನಪಿಲ್ಲ. ಬೀದಿ ಮಾತ್ರ ನಿಶ್ಶಬ್ದವಾಗಿತ್ತು. ಚಿಕ್ಕಮ್ಮ ಸಣ್ಣ ದನಿಯಲ್ಲಿ ಹೇಳಿದಳು:

ಗುಡಿಸಿದ ಹೊಸ್ತಿಲಲಿ ರಂಗೋಲಿ ಇನ್ನೂ ಹಸಿ,
ಮಡಿಸಿದ ಸೀರೆಯಲಿ ಮುಂಜಾನೆ ಬಿಸಿಲ ಬಿಸಿ,
ಅಡಿಗೆಯ ಮನೆಯಲ್ಲಿ ಬೆಚ್ಚನೆ ಹಾಲ ಕೆನೆ,
ಅಡಿಯಿಟ್ಟು ಬಂದೆನು ನಂಜುಂಡಪ್ಪನ ಮನೆ.

ಹೆಂಗಸರು ಮುಂದಿನದಕ್ಕಾಗಿ ಕಾದರು. ಮುಂದೆ ಏನೂ ಇರಲಿಲ್ಲ. ಎದುರುಮನೆಯ ಲಕ್ಕಮ್ಮ ಅಮ್ಮನ ಕಿವಿಯಲ್ಲಿ ಹೇಳುವಂತೆ ನಟಿಸಿ ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

“ಗಿರಿಜಾ, ನಿನ್ನ ಹೆಸ್ರೇ ಬರ್ಲಿಲ್ವಲ್ಲೇ! ಬಾಗ್ಲಲ್ಲಿ ನಿಂತಿರೋಳು ಕಂಬ ಅನ್ಕೊಂಡ್ಳೋ ಏನೋ.”

ಅಮ್ಮ ನಕ್ಕಂತೆ ಮಾಡಿ ಪಕ್ಕಕ್ಕೆ ಸರಿದಳು. ಆ ದಿನ ಅಡಿಗೆಮನೆಯಲ್ಲಿ ಪಾತ್ರೆಗಳು ಬಹಳ ಸದ್ದು ಮಾಡಿದವು.

ಮರುದಿನದಿಂದ ನನಗೆ ಹೊಸದೊಂದು ಉದ್ಯೋಗ ಬಂತು. ಕೇಳಿದ ಪದ್ಯ ನನ್ನ ತಲೆಯಲ್ಲಿ ಹಾಗೆಯೇ ಉಳಿಯುತ್ತಿತ್ತು. ತಾತ ಸಾಕಿದ ಅಭ್ಯಾಸವದು. ಚಿಕ್ಕಮ್ಮ ಹೇಳಿದ್ದು ಒಂದೇ ಸಲವಾದ್ದರಿಂದ, ಆ ನಾಲ್ಕು ಸಾಲು ಬೇಕೆನಿಸಿದವರೆಲ್ಲ ನನ್ನನ್ನೇ ಕರೆಯತೊಡಗಿದರು. ಮೊದಲು ಕರೆದವಳು ಅಮ್ಮ. ಒಲೆಯ ಮುಂದೆ ನನ್ನನ್ನು ಕೂರಿಸಿಕೊಂಡು ಒಂದೊಂದು ಸಾಲನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದಳು.

“ರಂಗೋಲಿ ಇನ್ನೂ ಹಸಿ. ಅಂದ್ರೇನು? ಇವ್ರು ಬರೋತನಕ ಇಟ್ಟಿರ್ಲಿಲ್ಲ, ಕೊನೇ ಗಳಿಗೇಲಿ ಹಸಿಹಿಟ್ಟು ಬಳ್ದಿದಾಳೆ ಅಂತ ತಾನೆ? ಸೀರೆಗೆ ಬಿಸಿಲು ಯಾಕೆ ಬಂತು? ಹೊಸದಲ್ಲ, ಒಗೆದು ಒಣಗಿಸಿದ್ದು ಅಂತ ಬೀದಿಗೆಲ್ಲ ಸಾರಿದ್ಲು. ಪೆಟ್ಟಿಗೆ ವಾಸನೆ ಹೋಗ್ಲಿ ಅಂತ ನಾನು ಬಿಸಿಲಿಗೆ ಹಾಕಿದ್ರೆ, ನೋಡು! ಇನ್ನು ಆ ಕೆನೆ. ಹೊಸ್ತಿಲೇ ದಾಟಿಲ್ಲ, ಅಡಿಗೆಮನೇಲಿ ಕೆನೆ ಇರೋದು ಇವ್ಳಿಗೆ ಹೇಗೆ ಗೊತ್ತಾಯ್ತು? ಯಾರೋ ಹೇಳ್ಕೊಟ್ಟಿದಾರೆ.”

“ಯಾರಮ್ಮಾ?”

“ಅದನ್ನೇ ನಾನೂ ಕೇಳ್ತಿರೋದು. ವಿಜಯಪುರದೋರು ಕಣೇ ಇವ್ರು. ನೂಲಿಗೆ ಹುರಿ ಹಾಕಿ ಹಾಕಿ ಮಾತಿಗೂ ಹಾಕ್ತಾರೆ. ಊರಲ್ಲೇ ಯಾರ್ಹತ್ರಾನೋ ಬರೆಸ್ಕೊಂಡು ಬಂದಿರ್ಬೇಕು.”

ಊರಲ್ಲೇ ಬರೆಸಿಕೊಂಡು ಬಂದಿದ್ದರೆ ನಮ್ಮ ರಂಗೋಲಿ ಒಣಗಿಲ್ಲವೆಂದು ಆ ಬರೆದವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಅನುಮಾನ ತರ್ಕದ ಹಂಗಿನಲ್ಲಿ ಇರುವುದಿಲ್ಲ. ಆದರೆ ಒಂದು ಮಾತನ್ನು ಈಗ ಗೌರವದಿಂದಲೇ ಹೇಳುತ್ತೇನೆ: ನಾನು ಕಂಡ ಮೊದಲ ವಿಮರ್ಶಕಿ ನನ್ನ ತಾಯಿ. ಕವಿ ಒಂದು ವಸ್ತುವನ್ನು ಪದ್ಯದೊಳಗೆ ತಂದರೆ ಸುಮ್ಮನೆ ತಂದಿರುವುದಿಲ್ಲ ಎಂಬ ಮೂಲಸೂತ್ರ ಅವಳಿಗೆ ಯಾರೂ ಹೇಳದೆಯೇ ತಿಳಿದಿತ್ತು.

ಅಪ್ಪನ ಅನುಮಾನ ಇನ್ನೊಂದು ಬಗೆಯದು. ಆಡಂಬರವಿಲ್ಲದ, ಆದರೆ ಹೆಚ್ಚು ಅಪಾಯದ ಅನುಮಾನ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ನನ್ನನ್ನು ಕೊಟ್ಟಿಗೆಗೆ ಕರೆದರು. ಚಿಕ್ಕಪ್ಪ ಅಲ್ಲೇ ಸೀರೆಗಳನ್ನು ಗಂಟು ಕಟ್ಟುತ್ತಿದ್ದರು.

“ಶಾರದಾ, ಆ ಪದ್ಯದ ಕೊನೇ ಸಾಲು ಹೇಳು.”

“ಅಡಿಯಿಟ್ಟು ಬಂದೆನು ನಂಜುಂಡಪ್ಪನ ಮನೆ.”

“ಕೇಳಿಸ್ಕೊಂಡ್ಯಾ ನಂಜುಂಡ? ಅಪ್ಪ ಕಟ್ಟಿದ್ದು, ನಾನು ಮಗ್ಗ ಹಾಕಿದ್ದು. ಮನೆ ಮಾತ್ರ ನಿಂದು.”

“ಅಯ್ಯೋ ಅಣ್ಣ, ಗಂಡನ ಹೆಸ್ರು ಹೇಳ್ಲೇಬೇಕಲ್ಲ, ಶಾಸ್ತ್ರ. ಮೇಲೆ ಕೆನೆ ಅಂತ ಬಂದಿತ್ತು, ಅದಕ್ಕೆ ಮನೆ ಅಂತ ಬಂತು. ಪ್ರಾಸಕ್ಕೆ ಬಿಡು.”

“ಪ್ರಾಸಕ್ಕೆ ಅಂತ ಮನೆ ಬಿಟ್ಕೊಡೋಕಾಗುತ್ತೇನೋ! ನಿನ್ನ ಹೆಸ್ರು ಮೊದಲ್ನೇ ಸಾಲಲ್ಲಿ ಇಡ್ಬಹುದಿತ್ತಲ್ಲ? ಕೊನೇಲೇ ತಂದು, ಮನೆ ಪಕ್ಕದಲ್ಲೇ ಕೂರಿಸ್ಬೇಕಾಗಿತ್ತಾ?”

ಚಿಕ್ಕಪ್ಪ ನಕ್ಕರು. ಅಪ್ಪ ನಗಲಿಲ್ಲ. ಪದ್ಯದ ಕೊನೆಯಲ್ಲಿ ನಿಂತ ಮಾತು ಕಿವಿಯಲ್ಲಿ ಉಳಿಯುತ್ತದೆ ಎಂಬುದನ್ನು ನಾನು ಅನೇಕ ವರ್ಷ ಪಾಠ ಮಾಡಿದ್ದೇನೆ. ಅಪ್ಪನ ಕಿವಿಯಲ್ಲಿ ಅದು ಉಳಿದ ಬಗೆಯನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ. ಮುಂದಿನ ವಾರ ಒಂದು ಗಾಡಿ ಇಟ್ಟಿಗೆ ಬಂದು ನಮ್ಮ ಅಂಗಳದಲ್ಲಿ ಇಳಿಯಿತು. ಅಲ್ಲಿದ್ದ ಬಾವಿಯಿಂದ ಕೊಟ್ಟಿಗೆಯವರೆಗೆ ಅಪ್ಪ ಕಾಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದದ್ದನ್ನು ನಾನು ನೋಡಿದೆ. ಗೋಡೆ ಎದ್ದರೆ ಒಲೆ ಎರಡಾಗುತ್ತದೆ, ಪಂಕ್ತಿ ಎರಡಾಗುತ್ತದೆ. ಇವೆಲ್ಲ ದೊಡ್ಡವರ ಚಿಂತೆ. ನನ್ನ ಚಿಂತೆ ಒಂದೇ: ಗೋಡೆಯ ಯಾವ ಕಡೆಗೆ ತಾತ ಹೋಗುತ್ತಾರೆ? ದೇವರಮನೆ ಚಿಕ್ಕಪ್ಪನ ಪಾಲಿಗೆ ಬಂದರೆ, ದೀಪದ ಪಕ್ಕದ ಆ ಜಾಗ, ನನ್ನ ಪಾಠ, ನನ್ನ ತಾತ, ಎಲ್ಲವೂ ಆಚೆ ಕಡೆಗೆ. ನಾಲ್ಕು ಸಾಲಿನ ಪದ್ಯವೊಂದು ನನ್ನಿಂದ ತಾತನನ್ನು ಕಿತ್ತುಕೊಳ್ಳುತ್ತಿದೆ ಎಂಬ ಭಯದಿಂದ ನಾನು ಚಿಕ್ಕಮ್ಮನ ಮುಖವನ್ನೇ ನೋಡುವುದನ್ನು ಬಿಟ್ಟೆ.

ಚಿಕ್ಕಮ್ಮನಾದರೂ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ತಪ್ಪಾಯಿತು ಎನ್ನಲಿಲ್ಲ, ನನ್ನ ಅರ್ಥ ಅದಲ್ಲ ಎನ್ನಲೂ ಇಲ್ಲ. ಹೇಳಿದ ಕೆಲಸ ಮಾಡಿ, ಪಂಕ್ತಿಯ ಕೊನೆಯಲ್ಲಿ ಉಂಡು, ಎಲೆ ಎತ್ತಿ ಹೋಗುತ್ತಿದ್ದಳು. ಆ ಮೌನವೇ ನಮ್ಮ ಅನುಮಾನಕ್ಕೆ ಎಣ್ಣೆಯಾಯಿತು. ತಾತನೂ ಸುಮ್ಮನಿದ್ದರು. ಅವರು ಒಮ್ಮೆಯೂ ನನ್ನಿಂದ ಪದ್ಯ ಹೇಳಿಸಲಿಲ್ಲ. ಆದರೆ ಸಂಜೆಯ ಓದಿನ ನಡುವೆ, ಪುಸ್ತಕದಲ್ಲಿಲ್ಲದ ಪದಗಳು ಅವರ ತುಟಿಯ ಮೇಲೆ ಮೆಲ್ಲಗೆ ಆಡುತ್ತಿದ್ದುದನ್ನು ನಾನು ಕಂಡಿದ್ದೆ.

ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಒಂದು ಸುತ್ತು, ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಬೆರಳು ಜಾರದಂತೆ ಬೂದಿ ಹಚ್ಚಿಕೊಂಡು ಇಬ್ಬರು ಎದುರುಬದುರು ಕೂತು ಮಾಡುವ ಕೆಲಸ. ಮನೆಯಲ್ಲಿ ಎಷ್ಟೇ ಮುನಿಸಿದ್ದರೂ ಹಾಸು ಕಾಯುವುದಿಲ್ಲ. ಹೀಗಾಗಿ ಒಂದು ಮಧ್ಯಾಹ್ನ ಅಮ್ಮ ಮತ್ತು ಚಿಕ್ಕಮ್ಮ ಮುಖಾಮುಖಿಯಾಗಿ ಕುಳಿತು, ಒಬ್ಬರನ್ನೊಬ್ಬರು ನೋಡದೆ ಎಳೆ ಹೊಸೆಯುತ್ತಿದ್ದರು. ಅಂಗಳದಲ್ಲಿ ಇಟ್ಟಿಗೆಯ ರಾಶಿ ಕಾಣುತ್ತಿತ್ತು. ತಾತ ಕೋಲೂರಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತರು.

“ಮಗೂ, ಆ ಪದ್ಯ ಹೇಳು. ನಿಧಾನವಾಗಿ.”

ಹೇಳಿದೆ. ಅಮ್ಮನ ಬೆರಳು ನಿಂತಿತು. ಚಿಕ್ಕಮ್ಮನದು ನಿಲ್ಲಲಿಲ್ಲ.

“ಗಿರಿಜಾ, ಆವತ್ತು ಹೊಸ್ತಿಲು ಗುಡಿಸಿದ್ದು ಯಾರಮ್ಮ?”

“ಇದೇನ್ ಮಾವ ಹೀಗ್ ಕೇಳ್ತೀರಿ? ನಾನೇ.”

“ಸೀರೆ ಬಿಸಿಲಿಗೆ ಹಾಕಿ ಮಡಿಸಿದ್ದು?”

“ನಾನೇ.”

“ಹಾಲು ಕಾಯ್ಸಿದ್ದು?”

“ನಾನಲ್ದೆ ಈ ಮನೇಲಿ ಇನ್ಯಾರು ಕಾಯಿಸ್ತಾರೆ, ನಿಮ್ಮ ಮಕ್ಕಳಾ?”

“ಹಾಗಾದ್ರೆ ಮೊದಲ ಮೂರು ಸಾಲಲ್ಲಿ ಇರೋದು ಯಾರು?”

ತಾತ ಮುಂದುವರಿಸಿದರು. ಆ ಮಾತಿನ ಸಾರವನ್ನು ನಾನು ಆಮೇಲೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಅವರು ಹೇಳಿದ ಹಾಗೆ ಹೇಳಲು ಮಾತ್ರ ಎಂದೂ ಆಗಲಿಲ್ಲ.

“ನೀನು ಬಂದಾಗ ನಿಮ್ಮತ್ತೇನ ಗಂಗೆ ಅಂದೆ, ಗೌರಿ ಅಂದೆ, ಕಾಮಧೇನು ಅಂದೆ. ಅವಳು ಹಾಗೇ ಇದ್ಲಾ?”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿಯ ನಾಲಗೆ ಎಂಥದ್ದು ಎಂದು ಬೀದಿಗೇ ಗೊತ್ತಿತ್ತು.

“ಹೋಲಿಕೆ ಕೊಡೋದು ಸುಲಭ ಕಣಮ್ಮ. ಗಂಗೇನ ಯಾರ ಮನೆಗಾದ್ರೂ ಕರ್ಕೊಂಡು ಹೋಗ್ಬಹುದು. ಈ ಹುಡುಗಿ ಯಾರನ್ನೂ ಕರೀಲಿಲ್ಲ. ಮಾಡಿದೋರ್ನ ಹೇಳ್ಲಿಲ್ಲ, ಮಾಡಿದ್ದನ್ನ ತೋರಿಸಿದ್ಲು. ಹಸಿ ಇದೆ, ಬಿಸಿ ಇದೆ, ಬೆಚ್ಚಗಿದೆ. ಅಂದ್ರೆ ಮಾಡಿದ ಕೈ ಈಗಷ್ಟೇ ಸರಿದಿದೆ. ಮೂರು ಸಾಲು ಪೂರ್ತಿ ಒಬ್ಬಳಿಗೆ. ಗಂಡನಿಗೆ ಒಂದೇ ಸಾಲು, ಅದೂ ಕೊನೇಲಿ.”

ಇಲ್ಲಿಗೆ ಕಥೆ ಮುಗಿದು, ಅಕ್ಕತಂಗಿಯರಂತೆ ಇಬ್ಬರೂ ಒಂದಾದರು ಎಂದು ಬರೆದರೆ ಅದು ನನ್ನ ತಾಯಿಯ ಸ್ವಭಾವಕ್ಕೆ ಮಾಡುವ ಅನ್ಯಾಯ. ಅಮ್ಮ ಮಾವನ ಮುಖವನ್ನು ನೋಡಿದಳು, ಇಟ್ಟಿಗೆಯ ಕಡೆ ನೋಡಿದಳು, ಮತ್ತೆ ಮಾವನ ಮುಖ ನೋಡಿದಳು. ಅವಳ ಅನುಮಾನ ಸತ್ತಿರಲಿಲ್ಲ. ಚಿಕ್ಕಮ್ಮನನ್ನು ಬಿಟ್ಟು ತಾತನ ಮೇಲೆ ಹೋಗಿ ಕುಳಿತಿತ್ತು.

“ಮಾವ, ಇದು ಅವಳು ಹೇಳಿದ್ದಾ, ಮನೆ ಉಳೀಲಿ ಅಂತ ನೀವು ಹೊಸೀತಿರೋದಾ?”

“ಪದ್ಯ ಅವಳದು. ಪ್ರಶ್ನೆ ನಂದು. ಉತ್ತರ ಹೇಳಿದ್ದು ನೀನು. ನನ್ನ ಯಾಕೆ ಹಿಡ್ಕೋತೀಯ?”

“ಏ ಸರೋಜ, ನೀನೇ ಬಾಯಿ ಬಿಡೇ.”

ಚಿಕ್ಕಮ್ಮ ತಲೆಯೆತ್ತದೆ ಹೇಳಿದಳು:

“ಎಳೆ ಕೈಲಿದೆ ಅಕ್ಕ. ಈಗ ಮಾತಾಡಿದ್ರೆ ತಪ್ಪೋಗುತ್ತೆ.”

ಸಂಜೆ ನನಗೆ ಜಡೆ ಹಾಕುವಾಗ ಅಮ್ಮ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: “ನೋಡೋಣ. ನನ್ನ ಕೈ ಅವ್ಳಿಗೆ ಕಂಡಿದ್ದು ನಿಜ ಆದ್ರೆ, ಕೈ ಇಲ್ದೇ ಇದ್ರೂ ಕಾಣ್ಬೇಕು.” ಮಾರನೆಯ ಬೆಳಿಗ್ಗೆ ಅವಳು ಏಳಲಿಲ್ಲ. ಮೈ ಬಿಸಿಯಿರಲಿಲ್ಲ, ಕೆಮ್ಮಿರಲಿಲ್ಲ. ಕಂಬಳಿಯನ್ನು ತಲೆತುಂಬ ಹೊದ್ದು, ಒಂದು ಕಣ್ಣಿಗೆ ಮಾತ್ರ ಸಂದು ಬಿಟ್ಟುಕೊಂಡು ಹಜಾರದಲ್ಲಿ ಮಲಗಿದ್ದಳು. ಅವಳ ಮಗ್ಗುಲಲ್ಲಿ ನಾನೂ ನಿದ್ದೆಯ ನಟನೆಯಲ್ಲಿದ್ದೆ. ಚಿಕ್ಕಮ್ಮ ಎದ್ದು ಬಂದಳು. ಬಾಗಿಲು ತೆರೆದು, ಗುಡಿಸದ ಹೊಸ್ತಿಲನ್ನು ನೋಡಿ ನಿಂತಳು. ಈಗ ಅವಳೇ ರಂಗೋಲಿ ಇಟ್ಟುಬಿಟ್ಟರೆ ಮನೆಯನ್ನು ಕೈಗೆ ತೆಗೆದುಕೊಂಡಂತೆ. ನೋಡಿಯೂ ನೋಡದಂತೆ ಒಳಗೆ ಹೋದರೆ ತಾತ ಹೇಳಿದ್ದೆಲ್ಲ ಸುಳ್ಳಾದಂತೆ. ಅಮ್ಮ ಕಂಬಳಿಯ ಸಂದನ್ನು ಇನ್ನಷ್ಟು ಅಗಲಮಾಡಿಕೊಂಡಳು.

ಚಿಕ್ಕಮ್ಮ ಹೊಸ್ತಿಲು ಗುಡಿಸಿದಳು. ನೀರು ಚಿಮುಕಿಸಿದಳು. ಒಳಗೆ ಹೋದಳು. ಹಾಲು ಕಾಯುವ ವಾಸನೆ ಬಂತು. ಆಮೇಲೆ ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿದ ಬಟ್ಟಲೊಂದನ್ನು ತಂದು ಅಮ್ಮನ ತಲೆಯ ಪಕ್ಕದಲ್ಲಿ ಇಟ್ಟಳು.

“ಅಕ್ಕ, ಗುಡಿಸಿದೀನಿ. ಹಾಲೂ ಕಾಯ್ಸಿದೀನಿ. ರಂಗೋಲಿ ಮಾತ್ರ ನಂಗೆ ಬರಲ್ಲ. ನೀವೇ ಹಾಕ್ಬೇಕು.”

ಅಮ್ಮ ಕಂಬಳಿ ಕಿತ್ತೆಸೆದು ಎದ್ದು ಕುಳಿತಳು.

“ರಂಗೋಲಿ ಹಾಕೋಕೆ ಬರ್ದೇ ಇರೋ ಹೆಣ್ಣು ನಿಮ್ಮ ವಿಜಯಪುರದಲ್ಲಿ ಉಂಟೇನೇ? ಸುಳ್ಳಿ!”

“ಹೂಂ ಅಕ್ಕ, ಸುಳ್ಳೇ. ಏಳಿ, ಹಿಟ್ಟು ಒಣಗುತ್ತೆ.”

ಅಮ್ಮ ಎದ್ದಳು. ತುಂಬ ಹೊತ್ತು ಬಗ್ಗಿ ಕುಳಿತು ದೊಡ್ಡ ರಂಗೋಲಿಯನ್ನೇ ಇಟ್ಟಳು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈ ಒರೆಸಿಕೊಂಡು ಒಳಗೆ ಬರುವಾಗ ಅಮ್ಮ ಹಿಂದಿರುಗಿ ನೋಡದೆ ಹೇಳಿದಳು:

“ಹಸಿ ಇದೆ. ತುಳೀಬೇಡ.”

ಆ ಪದ್ಯಕ್ಕೆ ನಮ್ಮ ಮನೆಯಲ್ಲಿ ದೊರೆತ ಮೆಚ್ಚುಗೆ ಅಷ್ಟೇ. ಒಲೆಯ ಮುಂದೆ ಇಬ್ಬರೂ ಒಟ್ಟಿಗೆ ನಿಂತದ್ದನ್ನು ಕಂಡ ಅಪ್ಪ ಗೋಡೆ ಎಬ್ಬಿಸಲಿಲ್ಲ. ಅಪ್ಪ ಇಟ್ಟಿಗೆಯನ್ನು ವಾಪಸ್ಸು ಕಳಿಸುತ್ತೇನೆಂದಾಗ ಅಮ್ಮ, “ಇರ್ಲಿ ಬಿಡಿ, ಯಾವತ್ತು ಬೇಕಾಗುತ್ತೋ ಯಾರಿಗ್ಗೊತ್ತು” ಎಂದಳು. ಅದು ತಮಾಷೆಯಲ್ಲ. ಇಬ್ಬರೂ ಸೇರಿ ಆ ರಾಶಿಯ ಮೇಲೆಯೇ ಪ್ರತಿ ಬೇಸಿಗೆಯಲ್ಲೂ ಸಂಡಿಗೆ ಒಣಹಾಕುತ್ತಿದ್ದರು. ಅಲ್ಲಿಯೇ ಕುಳಿತು ಕಾಗೆ ಓಡಿಸುತ್ತ ಲಕ್ಕಮ್ಮನನ್ನು ಆಡಿಕೊಳ್ಳುತ್ತಿದ್ದರು. ನನ್ನ ತಾತ ನನಗೇ ಉಳಿದರು. ದೀಪದ ಪಕ್ಕದ ಜಾಗವೂ ಉಳಿಯಿತು.

ಮೊನ್ನೆ ನನ್ನ ತಮ್ಮನ ಸೊಸೆ ಅದೇ ಹೊಸ್ತಿಲಲ್ಲಿ ನಿಂತು ಪದ್ಯ ಹೇಳಿದಳು. ಮೊಬೈಲು ನೋಡಿಕೊಂಡು ಓದಿದಳು. ಬಹಳ ಅಂದವಾಗಿತ್ತು, ಚಂದ್ರನಿದ್ದ, ಮಲ್ಲಿಗೆಯಿತ್ತು, ಎಲ್ಲರ ಹೆಸರೂ ಇತ್ತು. ನಮ್ಮ ಹೊಸ್ತಿಲು ಮಾತ್ರ ಇರಲಿಲ್ಲ. ನಾನು ಎಂದಿನಂತೆ ಅನುಮಾನದಿಂದಲೇ ಕೇಳಿಸಿಕೊಂಡೆ. ತಾತ, ಅಪ್ಪ, ಅಮ್ಮ, ಚಿಕ್ಕಪ್ಪ ಯಾರೂ ಈಗಿಲ್ಲ. ಚಿಕ್ಕಮ್ಮ ಇದ್ದಾಳೆ, ಹಣ್ಣಾಗಿದ್ದಾಳೆ. ಆರತಿ ಮುಗಿದ ಮೇಲೆ ಅಂಗಳದ ಬಿಸಿಲಿನಲ್ಲಿ, ಪಾಚಿಗಟ್ಟಿದ ಆ ಇಟ್ಟಿಗೆಗಳ ಮೇಲೆ ಕುಳಿತಿದ್ದವಳನ್ನು, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ.

“ಚಿಕ್ಕಮ್ಮ, ಆವತ್ತು ನಿಜವಾಗ್ಲೂ ಅಮ್ಮನ್ನೇ ನೆನೆಸ್ಕೊಂಡು ಹೇಳಿದ್ದಾ? ಇಲ್ಲಾ ಆ ಅರ್ಥ ತಾತ ಕಟ್ಟಿದ್ದಾ?”

“ನಿಮ್ಮಮ್ಮನೂ ಸಾಯೋತನಕ ಇದನ್ನೇ ಕೇಳಿದ್ಲು ಕಣೇ. ತಾಯಿಗೆ ತಕ್ಕ ಮಗಳು.”

“ನೀವೇನ್ ಹೇಳಿದ್ರಿ?”

“ಏನ್ ಹೇಳ್ಲಿ? ನಿಮ್ಮಮ್ಮನ ಹೆಸ್ರೇ ನಂಗೆ ಗೊತ್ತಿರ್ಲಿಲ್ಲ. ತಲೆ ತಗ್ಗಿಸ್ಕೊಂಡು ನಿಂತೋಳ್ಗೆ ಕಾಣೋದೆಷ್ಟು? ಕಾಲ್ಹತ್ರ ರಂಗೋಲಿ ಕಾಣ್ತು. ಹೆಗಲ ಮೇಲೆ ಸೀರೆ ಬೆಚ್ಚಗಿತ್ತು. ಕೈಕಾಲು ನಡುಗ್ತಿತ್ತು, ಯಾರ ಮನೇನೋ ಏನೋ ಅಂತ. ಅಷ್ಟ್ರಲ್ಲಿ ಒಳಗಿಂದ ಹಾಲು ಕಾಯೋ ವಾಸನೆ ಬಂತು. ಭಯ ಹೋಯ್ತು. ಬಾಯಿಗೆ ಬಂದಿದ್ದು ಹೇಳ್ದೆ.”

ಹೇಳಿ ನಕ್ಕಳು. ಆ ನಗುವನ್ನೂ ನಾನು ಪೂರ್ತಿ ನಂಬಿಲ್ಲ. ಭಯದಲ್ಲಿ ಬಾಯಿಗೆ ಬಂದ ಮಾತು ನಾಲ್ಕು ಸಾಲಿನಲ್ಲೂ ಅಷ್ಟು ಅಚ್ಚುಕಟ್ಟಾಗಿ ಪ್ರಾಸ ಹಿಡಿದು ಬರುತ್ತದೆಯೇ? ಬಂದೀತು, ಬಾರದೆಯೂ ಇದ್ದೀತು. ಹೆಸರು ಗೊತ್ತಿಲ್ಲದಿದ್ದರೂ, ಒಳಗೆ ಯಾರೋ ತನಗಾಗಿ ಎದ್ದು ಕೆಲಸ ಮಾಡಿದ್ದಾರೆ ಎಂಬುದಂತೂ ಆಕೆಗೆ ತಿಳಿದಿತ್ತು. ತಾತ ಕಂಡದ್ದು ಅದನ್ನೇ ಎಂದು ಈಗ ಅನ್ನಿಸುತ್ತದೆ.

ತಲೆ ತಗ್ಗಿಸಿ ನಿಂತು ನಾಲ್ಕು ಸಾಲು ಹೇಳಿದವಳಿಗೆ ಆಯುಸ್ಸು, ನೆಮ್ಮದಿ ಇರಲಿ. ಬಾಗಿಲು ತಡೆದು ನಿಂತು, ಒಂದೊಂದು ಸಾಲನ್ನೂ ಆರಿಸಿ ನೋಡಿದ ನನ್ನ ತಾಯಿಯ ಆತ್ಮ ತಣ್ಣಗಿರಲಿ. ಇಟ್ಟಿಗೆ ತರಿಸಿದ ಅಪ್ಪನಿಗೆ, ನಕ್ಕು ಸುಮ್ಮನಾದ ಚಿಕ್ಕಪ್ಪನಿಗೆ, ಪ್ರಶ್ನೆ ಕೇಳಿ ಉತ್ತರವನ್ನು ನಮಗೇ ಬಿಟ್ಟ ತಾತನಿಗೆ, ಕಡ್ಡಿ ಆಡಿಸಿದ ಲಕ್ಕಮ್ಮನಿಗೂ ಸದ್ಗತಿಯಾಗಲಿ. ಮೊಬೈಲು ಹಿಡಿದು ಬಂದ ಆ ಮಗುವಿಗೆ ನಮ್ಮ ಹೊಸ್ತಿಲು ಒಂದು ದಿನ ತಾನಾಗಿಯೇ ಕಾಣಲಿ. ಇದನ್ನು ಓದಿದವರ ಮನೆ ತುಂಬಿರಲಿ. ಪರರ ಬಾಗಿಲಲ್ಲಿ ನಡುಗುತ್ತ ನಿಂತವರು ಯಾರೇ ಆಗಿರಲಿ, ಅವರಿಗೆ ಒಳಗಿನಿಂದ ಹಾಲು ಕಾಯುವ ವಾಸನೆ ಬರಲಿ.